ಕಣ್ಣು ಮಿಟುಕಿಸಿದರೆ ಮುಗೀತು

ಗೇಮ್ ಡಿಸೈನ್ ನನ್ನ ಕೆಲಸ. ಹಾರರ್ ಗೇಮ್ ಮಾಡಬೇಕೆಂದು ಬರುವ ಹೊಸಬರಿಗೆ ಮೊದಲು ಆಡಿ ನೋಡಿ ಎಂದು ನಾನು ಹೇಳುವುದು ‘ಎಸ್‌ಸಿಪಿ: ಕಂಟೇನ್‌ಮೆಂಟ್ ಬ್ರೀಚ್’. ಫಿನ್‌ಲ್ಯಾಂಡಿನ ಯೋನಾಸ್ ರಿಕ್ಕೋನೆನ್ 2012ರಲ್ಲಿ ಬಿಡುಗಡೆ ಮಾಡಿದ ಉಚಿತ ಗೇಮ್ ಇದು. ಗ್ರಾಫಿಕ್ಸ್ ಆ ಕಾಲಕ್ಕೇ ಹಳೆಯದು. ಆದರೂ ಬೆವರಿಳಿಸುತ್ತದೆ.

ವಿಚಿತ್ರ ಜೀವಿಗಳನ್ನು ಬಂಧಿಸಿಡುವ ಎಸ್‌ಸಿಪಿ ಎಂಬ ಕಾಲ್ಪನಿಕ ಸಂಸ್ಥೆಯ ಬಗ್ಗೆ ಅಂತರ್ಜಾಲದಲ್ಲಿ ಸಾವಿರಾರು ಜನ ಸೇರಿ ಬರೆದ ಕಥೆಗಳೇ ಇದರ ಮೂಲ. ಅಲ್ಲಿ ಪ್ರತಿ ಜೀವಿಗೂ ಒಂದು ನಂಬರ್. 173ನೇ ನಂಬರಿನದು ಕಾಂಕ್ರೀಟ್ ಪ್ರತಿಮೆ. ನೀವು ನೋಡುತ್ತಿರುವಷ್ಟು ಹೊತ್ತು ಅಲ್ಲಾಡುವುದಿಲ್ಲ. ಕಣ್ಣು ಮುಚ್ಚಿದರೆ ಬಂದು ಕತ್ತು ಮುರಿಯುತ್ತದೆ.

ರಿಕ್ಕೋನೆನ್ ಈ ಒಂದು ನಿಯಮವನ್ನು ಹಿಡಿದು ಪರದೆಯ ಮೇಲೆ ಮೀಟರ್‌ನಂಥ ಸಣ್ಣದೊಂದು ಪಟ್ಟಿ ಇಟ್ಟರು. ಅದು ಕರಗುತ್ತಾ ಹೋಗುತ್ತದೆ. ಖಾಲಿಯಾದಾಗ ನಿಮ್ಮ ಪಾತ್ರ ತಾನಾಗಿಯೇ ಕಣ್ಣು ಮಿಟುಕಿಸುತ್ತದೆ, ಪರದೆ ಒಂದು ಕ್ಷಣ ಕಪ್ಪಾಗುತ್ತದೆ. ಬೇಕಿದ್ದರೆ ನೀವೇ ಮೊದಲು ಮಿಟುಕಿಸಿ ಪಟ್ಟಿ ತುಂಬಿಸಿಕೊಳ್ಳಬಹುದು. ಹಾಗಾಗಿ ಆಟಗಾರ ಸದಾ ಲೆಕ್ಕ ಹಾಕುತ್ತಿರುತ್ತಾನೆ: ಪ್ರತಿಮೆ ಎಷ್ಟು ದೂರವಿದೆ, ಬಾಗಿಲು ತೆರೆಯಲು ಎಷ್ಟು ಹೊತ್ತು, ಪಟ್ಟಿ ಅಷ್ಟರವರೆಗೆ ಸಾಕೇ? ಬೇರೆ ಗೇಮ್‌ಗಳಲ್ಲಿ ನಾವು ಭೂತಕ್ಕೆ ಹೆದರುತ್ತೇವೆ. ಇಲ್ಲಿ ನಮ್ಮದೇ ರೆಪ್ಪೆಗೆ. ಹಾರರ್ ಡಿಸೈನ್‌ನಲ್ಲಿ ಇದಕ್ಕಿಂತ ಅಚ್ಚುಕಟ್ಟಾದ ಯೋಚನೆಯನ್ನು ನಾನು ಕಂಡಿಲ್ಲ.

ಪ್ಲೇಟೆಸ್ಟ್ ಮಾಡಿದವರಿಗೆ, ಅಂದರೆ ಜನರ ಕೈಲಿ ಆಡಿಸಿ ಗೇಮ್ ಪರೀಕ್ಷಿಸಿದವರಿಗೆ, ಇನ್ನೊಂದು ಕಷ್ಟ ಗೊತ್ತಿರುತ್ತದೆ. ಅದೇ ಮೂಲೆಯಿಂದ ಅದೇ ಭೂತ ಮೂರನೇ ಸಲ ಹಾರಿದರೆ ಜನ ನಗಲು ಶುರು ಮಾಡುತ್ತಾರೆ. ಈ ಗೇಮ್ ಪ್ರತಿ ಹೊಸ ಆಟಕ್ಕೂ ಕೋಣೆಗಳನ್ನು ಬೇರೆ ರೀತಿ ಜೋಡಿಸುತ್ತದೆ. ನಿಯಮ ಬಾಯಿಪಾಠವಾದರೂ ದಾರಿ ಬಾಯಿಪಾಠವಾಗುವುದಿಲ್ಲ. ಒಂದೇ ತರಹದ ಕಾರಿಡಾರ್‌ಗಳು ಮತ್ತೆ ಮತ್ತೆ ಬರುವುದು ಕೆಲಸ ಉಳಿಸುವ ಉಪಾಯವೂ ಹೌದು. ಆದರೆ ದಾರಿ ತಪ್ಪಿದ ದಿಗಿಲು ಹುಟ್ಟುವುದು ಅದರಿಂದಲೇ.

ಹೀಗೆ ಇಷ್ಟದ ಕಥೆಯನ್ನು ಹಿಡಿದು ಅಭಿಮಾನಿಗಳೇ ಕಟ್ಟುವ ಗೇಮ್‌ನ ನಿಜವಾದ ಬಲ ಆಟಗಾರನ ತಲೆಯೊಳಗಿದೆ. ನಿಯಮ ಕಲಿಸಲು ಗೇಮ್ ನಿಂತು ವಿವರಿಸಿದರೆ ಭಯ ಸೋರಿಹೋಗುತ್ತದೆ. ಕಥೆ ಓದಿದವರಿಗೆ ವಿವರಣೆ ಬೇಡ. 096ನೇ ನಂಬರಿನ ಜೀವಿಯ ಮುಖ ನೋಡಬಾರದು ಎಂದು ಅವರಿಗೆ ಮೊದಲೇ ಗೊತ್ತು. ಅದರ ಅಳು ಕೇಳಿಸಿದರೆ ಸಾಕು, ನೋಟ ನೆಲಕ್ಕೆ ಇಳಿಸುತ್ತಾರೆ. ಓದದವರನ್ನೂ ಗೇಮ್ ಕೈಬಿಡುವುದಿಲ್ಲ. ಆರಂಭದಲ್ಲೇ 173ರ ಕೋಣೆಗೆ ಕಳುಹಿಸಿ, ನಿಯಮ ಏನೆಂದು ಕಣ್ಣೆದುರೇ ತೋರಿಸಿಬಿಡುತ್ತದೆ.

ಅದೃಷ್ಟವೂ ಇತ್ತು ಅನ್ನಿ. ಆ ಕಥೆಗಳು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿವೆ, ಹಾಗಾಗಿ ಯಾರು ಬೇಕಾದರೂ ಹೆಸರು ಹೇಳಿ ಬೆಳೆಸಬಹುದು. ಎಲ್ಲರಿಗೂ ಹಾಗಾಗುವುದಿಲ್ಲ. ಇಟಲಿಯ ಇನ್ವೇಡರ್ ತಂಡ ‘ರೆಸಿಡೆಂಟ್ ಈವಿಲ್ 2’ ಎಂಬ ಹಳೆಯ ಹಾರರ್ ಗೇಮ್ ಅನ್ನು ಹೊಸದಾಗಿ ಕಟ್ಟುತ್ತಿತ್ತು. 2015ರಲ್ಲಿ ಆ ಗೇಮ್‌ನ ಒಡೆತನದ ಕಂಪನಿ ಕ್ಯಾಪ್‌ಕಾಮ್ ಕೇಳಿಕೊಂಡ ಮೇಲೆ ನಿಲ್ಲಿಸಿತು. ಆ ತಂಡ 2019ರಲ್ಲಿ ‘ಡೇಮೇರ್: 1998’ ಎಂಬ ಸ್ವಂತ ಗೇಮ್ ತಂದಿತು.

ಹೊಸದಾಗಿ ‘ಕಂಟೇನ್‌ಮೆಂಟ್ ಬ್ರೀಚ್’ ಆಡುವವರು ಕಷ್ಟದ ಹಂತಗಳಲ್ಲಿ ‘ಸೇಫ್’ ಬಿಟ್ಟು ‘ಯೂಕ್ಲಿಡ್’ ಆರಿಸಿಕೊಳ್ಳಿ. ಸೇಫ್‌ನಲ್ಲಿ ಬೇಕೆಂದಾಗ ಸೇವ್ ಮಾಡಬಹುದು, ಅದರಿಂದ ಭಯ ಅರ್ಧಕ್ಕಿಳಿಯುತ್ತದೆ. ಯೂಕ್ಲಿಡ್‌ನಲ್ಲಿ ಸೇವ್ ಮಾಡುವ ಜಾಗ ಹುಡುಕಿಕೊಂಡು ನಡೆಯಬೇಕು. ಹೆಡ್‌ಫೋನ್ ಮಾತ್ರ ಮರೆಯಬೇಡಿ, ಪ್ರತಿಮೆ ನೆಲ ಉಜ್ಜುತ್ತಾ ಬರುವ ಸದ್ದು ಎಷ್ಟೋ ಸಲ ಕಣ್ಣಿಗಿಂತ ಮೊದಲು ಎಚ್ಚರಿಸುತ್ತದೆ.