ಲೂಪಸ್ ಟಿಪ್ಪಣಿ: ಡಿಎನ್‌ಎ ವಿರುದ್ಧ ಪ್ರತಿಕಾಯ ಹುಟ್ಟುವುದಾದರೂ ಹೇಗೆ?

ಲೂಪಸ್ ಎಂದರೆ ರೋಗನಿರೋಧಕ ವ್ಯವಸ್ಥೆ ಸ್ವಂತ ದೇಹದ ಮೇಲೇ ತಿರುಗಿಬೀಳುವ ರೋಗ. ಅದರ ಸ್ವಪ್ರತಿಜನಕಗಳು (ಪ್ರತಿಕಾಯಗಳಿಗೆ ಗುರಿಯಾಗುವ ದೇಹದ್ದೇ ಅಣುಗಳು) ಹೆಚ್ಚಾಗಿ ಕೋಶದ ಒಳಗಿನ ಸರಕೇ: ಡಿಎನ್‌ಎ, ಅದು ಸುತ್ತಿಕೊಳ್ಳುವ ಹಿಸ್ಟೋನ್, ಮತ್ತು ಎಸ್‌ಎಂ, ಆರ್‌ಎನ್‌ಪಿ, ರೋ, ಲಾ ಎಂಬ ಪ್ರೋಟೀನ್‌ಗಳು. ಕೋಶ ಸತ್ತಾಗ ಇವು ಹೊರಬೀಳುತ್ತವೆ. ಯುವಿಬಿ ಕಿರಣ ತಗುಲಿದ ಚರ್ಮದ ಕೋಶ ಅಪಾಪ್ಟೋಸಿಸ್‌ಗೆ (ಕೋಶದ ಯೋಜಿತ ಸಾವಿಗೆ) ಇಳಿದರೆ ಆ ಕೋಶದ ಮೇಲ್ಮೈಯಲ್ಲಿ ಗುಳ್ಳೆಗಳೇಳುತ್ತವೆ. ಸಣ್ಣ ಗುಳ್ಳೆಗಳಲ್ಲಿ ರೋ-52, ದೊಡ್ಡವುಗಳಲ್ಲಿ ನ್ಯೂಕ್ಲಿಯೋಸೋಮ್ (ಡಿಎನ್‌ಎ ಸುತ್ತಿದ ಹಿಸ್ಟೋನ್ ಉಂಡೆ), ರೋ-60, ಲಾ ತುಂಬಿರುವುದು 1994ರಲ್ಲೇ ಕಂಡಿತ್ತು. ಸಾಮಾನ್ಯವಾಗಿ ಮ್ಯಾಕ್ರೋಫೇಜ್ ಎಂಬ ಕಸ ಗುಡಿಸುವ ಕೋಶಗಳು ಇದನ್ನೆಲ್ಲ ಬೇಗ ನುಂಗಿಬಿಡುತ್ತವೆ; ಅದಕ್ಕೆ ರಕ್ತದಲ್ಲಿರುವ ಸಿ1ಕ್ಯೂ ಎಂಬ ಪ್ರೋಟೀನ್ ನೆರವಾಗುತ್ತದೆ. ಹುಟ್ಟಿನಿಂದ ಸಿ1ಕ್ಯೂ ಇಲ್ಲದವರಲ್ಲಿ ಬಹುಪಾಲು ಜನರಿಗೆ ಲೂಪಸ್ ಬರುವುದಕ್ಕೆ ಇದೊಂದು ಮುಖ್ಯ ಕಾರಣ.

ವಿದ್ಯಾರ್ಥಿಗಳು ಎಡವುವುದು ಮುಂದಿನ ಹೆಜ್ಜೆಯಲ್ಲಿ. ಪ್ರತಿಕಾಯ ತಯಾರಿಸುವುದು ಬಿ ಕೋಶ, ಅದಕ್ಕೆ ನೆರವು ಕೊಡುವುದು ಟಿ ಕೋಶ. ಟಿ ಕೋಶ ಗುರುತಿಸುವುದು ಪೆಪ್ಟೈಡನ್ನು, ಅಂದರೆ ಪ್ರೋಟೀನಿನ ಚೂರನ್ನು. ಡಿಎನ್‌ಎ ಪೆಪ್ಟೈಡ್ ಅಲ್ಲ, ಪೆಪ್ಟೈಡನ್ನು ಟಿ ಕೋಶಕ್ಕೆ ತೋರಿಸುವ ಎಂಎಚ್‌ಸಿ-2 ಅಣುವಿನಲ್ಲಿ ಕೂರುವುದೂ ಇಲ್ಲ. ಹಾಗಿದ್ದರೂ ರೋಗಿಗಳಲ್ಲಿ ಸಿಗುವುದು ಡಿಎನ್‌ಎ ವಿರುದ್ಧದ, ಜೀನ್ ರೂಪಾಂತರಗಳಿಂದ (ಮ್ಯುಟೇಶನ್) ಬಿಗಿಯಾಗಿ ಅಂಟುವಂತಾದ ಐಜಿಜಿ ಬಗೆಯ ಪ್ರತಿಕಾಯ. ಟಿ ಕೋಶದ ನೆರವಿನ ಗುರುತು ಅದರ ಮೇಲೆ ಎದ್ದು ಕಾಣುತ್ತದೆ. ಆ ನೆರವು ಬಂದದ್ದೆಲ್ಲಿಂದ?

ಉತ್ತರ ನ್ಯೂಕ್ಲಿಯೋಸೋಮ್‌ನಲ್ಲಿದೆ. ಎಂಟು ಹಿಸ್ಟೋನ್‌ಗಳ ಉಂಡೆಗೆ ಸುಮಾರು 147 ಜೋಡಿ ಬೇಸ್‌ಗಳ ಡಿಎನ್‌ಎ ಸುತ್ತಿಕೊಂಡಿರುತ್ತದೆ. ಬಿ ಕೋಶ ತನ್ನ ಗ್ರಾಹಕದಿಂದ ಡಿಎನ್‌ಎಯನ್ನು ಹಿಡಿಯುತ್ತದೆ, ಆದರೆ ಒಳಗೆಳೆದುಕೊಳ್ಳುವುದು ಇಡೀ ಉಂಡೆಯನ್ನು. ಒಳಗೆ ಹಿಸ್ಟೋನ್ ಚೂರಾಗಿ, ಆ ಪೆಪ್ಟೈಡ್ ಎಂಎಚ್‌ಸಿ-2ರ ಮೇಲೆ ಹೊರಬರುತ್ತದೆ. ಹಿಡಿದದ್ದು ಒಂದು, ತೋರಿಸಿದ್ದು ಇನ್ನೊಂದು! ಹಿಸ್ಟೋನ್ ಗುರುತಿಸುವ ಟಿ ಕೋಶ ಬಂದು ಡಿಎನ್‌ಎ ಹಿಡಿದ ಬಿ ಕೋಶಕ್ಕೆ ನೆರವು ಕೊಡುತ್ತದೆ. ಹಾಗಾಗಿ ಉತ್ತರಪತ್ರಿಕೆಯಲ್ಲಿ ‘ಡಿಎನ್‌ಎ ಗುರುತಿಸುವ ಟಿ ಕೋಶ’ ಎಂದು ಬರೆಯಬೇಡಿ. ಷರತ್ತು ಒಂದೇ: ಡಿಎನ್‌ಎ, ಹಿಸ್ಟೋನ್ ಎರಡೂ ಒಂದೇ ಕಣದಲ್ಲಿ ಅಂಟಿಕೊಂಡಿರಬೇಕು.

ಇದು ಹಿಡಿತಕ್ಕೆ ಬಂದರೆ ಎಪಿಟೋಪ್ ಹರಡುವಿಕೆಯನ್ನು (ಪ್ರತಿಕಾಯಗಳ ಗುರಿ ಒಂದರಿಂದ ಇನ್ನೊಂದಕ್ಕೆ ಹಬ್ಬುವುದನ್ನು) ಬೇರೆಯಾಗಿ ಉರುಹೊಡೆಯಬೇಕಿಲ್ಲ. ಅದೇ ಟಿ ಕೋಶ ಆ ಕಣದ ಯಾವ ಭಾಗ ಹಿಡಿದ ಬಿ ಕೋಶಕ್ಕೂ ನೆರವಾಗಬಲ್ಲದು. ಎಸ್‌ಎಂ ಮತ್ತು ಆರ್‌ಎನ್‌ಪಿ ಪ್ರತಿಕಾಯಗಳು, ರೋ ಮತ್ತು ಲಾ ಪ್ರತಿಕಾಯಗಳು ಜೊತೆಜೊತೆಗೆ ಕಾಣಿಸಿಕೊಳ್ಳುವುದೂ ಇದರಿಂದಲೇ.

ಗ್ರಾಹಕ ಹಿಡಿದದ್ದು ಮೊದಲ ಸಂಕೇತ; ಇನ್ನು ಎರಡನೇ ಸಂಕೇತ. ಎಂಡೋಸೋಮ್‌ನಲ್ಲಿ, ಅಂದರೆ ಕೋಶ ಒಳಗೆಳೆದುಕೊಂಡದ್ದು ಸೇರುವ ಚೀಲದಲ್ಲಿ, ಎಚ್ಚರಿಕೆಯ ಗ್ರಾಹಕಗಳಿವೆ: ಡಿಎನ್‌ಎ ಟಿಎಲ್‌ಆರ್-9ನ್ನೂ ಆರ್‌ಎನ್‌ಎ ಟಿಎಲ್‌ಆರ್-7ನ್ನೂ ಎಬ್ಬಿಸುತ್ತವೆ. ಪ್ರತಿಕಾಯ ಅಂಟಿದ ಸಂಕೀರ್ಣಗಳು ಪ್ಲಾಸ್ಮಾಸೈಟಾಯ್ಡ್ ಡೆಂಡ್ರಿಟಿಕ್ ಕೋಶ ಎಂಬ ರೋಗನಿರೋಧಕ ಕೋಶ ಹೊಕ್ಕರೆ, ಆ ವ್ಯವಸ್ಥೆಯನ್ನು ಕೆರಳಿಸುವ ಇಂಟರ್‌ಫೆರಾನ್-ಆಲ್ಫಾ ಸುರಿಯುತ್ತದೆ. ಇಲಿಗಳಲ್ಲಿ ಟಿಎಲ್‌ಆರ್-7 ತೆಗೆದರೆ ರೋಗ ಇಳಿಯುತ್ತದೆ, ಟಿಎಲ್‌ಆರ್-9 ತೆಗೆದರೆ ಏರುತ್ತದೆ. ಬರೆಯುವಾಗ ಇವೆರಡನ್ನು ಅದಲುಬದಲು ಮಾಡಿಬಿಡುವುದು ಬಲು ಸುಲಭ, ಎಚ್ಚರ.

ಪರೀಕ್ಷೆಗಳ ವಿಷಯ: ರಕ್ತದ ಸೀರಮ್ಮನ್ನು 1:80ಕ್ಕೆ ತೆಳುಗೊಳಿಸಿದಾಗ ಎಎನ್‌ಎ (ಕೋಶಕೇಂದ್ರದ ವಿರುದ್ಧದ ಪ್ರತಿಕಾಯ) ಪಾಸಿಟಿವ್ ಬಂದ ಮಾತ್ರಕ್ಕೆ ಲೂಪಸ್ ಅಲ್ಲ, 1997ರ ಅಧ್ಯಯನವೊಂದರಲ್ಲಿ ಆರೋಗ್ಯವಂತರಲ್ಲೂ ಸುಮಾರು ಶೇ. 13 ಮಂದಿಗೆ ಹಾಗೆ ಬಂದಿತ್ತು. ಹಿಸ್ಟೋನ್ ಪ್ರತಿಕಾಯ ಮಾತ್ರ ಇದ್ದರೆ ಹೈಡ್ರಲಜೀನ್‌ನಂಥ ಔಷಧಿಯಿಂದ ಬಂದ ಲೂಪಸ್ ಇರಬಹುದೇ ನೋಡಿ. ಕ್ರಿಥಿಡಿಯಾ ಎಂಬ ಏಕಕೋಶ ಜೀವಿಯನ್ನು ಬಳಸುವ ಪರೀಕ್ಷೆಯಲ್ಲಿ ಅದರ ಕೈನೆಟೋಪ್ಲಾಸ್ಟ್ (ಡಿಎನ್‌ಎ ತುಂಬಿದ ಭಾಗ) ಹೊಳೆದರೆ ಪ್ರತಿಕಾಯ ಅಂಟಿದ್ದು ಡಿಎನ್‌ಎಗೇ, ಏಕೆಂದರೆ ಅಲ್ಲಿ ಸಸ್ತನಿಗಳ ಹಿಸ್ಟೋನ್ ಇರುವುದಿಲ್ಲ.