ಬೆನ್ನನ್ನು ಬಾಗಿಸಿ ನೋಡುವುದೇಕೆ?

ಬೆನ್ನುಮೂಳೆ ಕೋಲಿನಂತೆ ನೆಟ್ಟಗಿರಬೇಕು ಎಂಬ ನಂಬಿಕೆ ಅರ್ಧ ಮಾತ್ರ ಸರಿ. ಹಿಂದಿನಿಂದ ಅದು ನೆಟ್ಟಗೆ ಕಾಣಬೇಕು, ನಿಜ. ಪಕ್ಕದಿಂದ ನೋಡಿದರೆ ಕುತ್ತಿಗೆ, ಸೊಂಟಗಳಲ್ಲಿ ಒಳಕ್ಕೂ ಎದೆಯ ಮಟ್ಟದಲ್ಲಿ ಹೊರಕ್ಕೂ ಬಾಗಿರಲೇಬೇಕು. ಅದಕ್ಕೇ ನರ್ಸ್ ಬೆನ್ನಿಗೆ ಕೈ ಹಚ್ಚುವ ಮೊದಲು ರೋಗಿಯನ್ನು ಬರಿಗಾಲಲ್ಲಿ ನಿಲ್ಲಿಸಿ, ಬೆನ್ನಿನ ಬಟ್ಟೆ ಸರಿಸಿ, ಎರಡೂ ಕಡೆಯಿಂದ ನೋಡುತ್ತಾರೆ. ಹೆಗಲುಗಳು ಸಮವಾಗಿವೆಯೇ? ತೋಳಿಗೂ ಸೊಂಟಕ್ಕೂ ನಡುವಿನ ಸಂದು ಎರಡು ಬದಿಗೂ ಒಂದೇ ಇದೆಯೇ?

ಆಮೇಲಿನದು ನಿಜಕ್ಕೂ ಸೊಗಸಾದ ಪರೀಕ್ಷೆ. ಪಾದ ಜೋಡಿಸಿ, ಮಂಡಿ ಮಡಚದೆ, ಅಂಗೈ ಸೇರಿಸಿ ತೋಳು ಇಳಿಬಿಟ್ಟು, ಬೆನ್ನು ನೆಲಕ್ಕೆ ಸಮಾಂತರವಾಗುವಷ್ಟು ಮುಂದಕ್ಕೆ ಬಾಗಬೇಕು. ಇಂಗ್ಲೆಂಡಿನ ಶಸ್ತ್ರವೈದ್ಯ ವಿಲಿಯಂ ಆಡಮ್ಸ್ ಇದನ್ನು 1865ರಲ್ಲಿ ವಿವರಿಸಿದಾಗ ಎಕ್ಸ್-ರೇ ಪತ್ತೆಯಾಗಲು ಇನ್ನೂ 30 ವರ್ಷ ಬಾಕಿ ಇತ್ತು. ಸ್ಕೋಲಿಯೋಸಿಸ್‌ನಲ್ಲಿ ಬೆನ್ನುಮೂಳೆ ಪಕ್ಕಕ್ಕೆ ವಾಲುವುದರ ಜೊತೆಗೆ ತಿರುಚಿಕೊಳ್ಳುತ್ತದೆ. ಒದ್ದೆ ಬಟ್ಟೆ ಹಿಂಡಿದಂತೆ, ಸುರುಳಿ ಮೆಟ್ಟಿಲಿನಂತೆ, ಒಂದೊಂದು ಮಣಿಯೂ ಪಕ್ಕದ ಮಣಿಗಿಂತ ತುಸು ತಿರುಗಿರುತ್ತದೆ. ಮಣಿಗೆ ಕೂಡಿಕೊಂಡ ಪಕ್ಕೆಲುಬುಗಳೂ ಜೊತೆಗೆ ತಿರುಗಲೇಬೇಕು. ದೋಣಿ ವಾಲಿದಾಗ ಒಂದು ಬದಿಯ ಹುಟ್ಟುಗಳು ಮೇಲೆದ್ದು ಇನ್ನೊಂದು ಬದಿಯವು ನೀರಿಗಿಳಿದ ಹಾಗೆ. ನಿಂತಾಗ ಕಣ್ತಪ್ಪುವ ಈ ಏರುಪೇರು ಬಾಗಿದಾಗ ಒಂದು ಬದಿಯಲ್ಲಿ ದಿಬ್ಬವಾಗಿ ಏಳುತ್ತದೆ. ಬೆನ್ನಿನ ಓರೆ ಅಳೆಯುವ ಸ್ಕೋಲಿಯೋಮೀಟರ್ ಎಂಬ ಸಾಧನ ಇಟ್ಟಾಗ ಅದು 5ರಿಂದ 7 ಡಿಗ್ರಿಯಷ್ಟಿದ್ದರೆ ಎಕ್ಸ್-ರೇಗೆ ಕಳಿಸುವುದು ರೂಢಿ. ಕಾಲುಗಳ ಉದ್ದ ಹೆಚ್ಚುಕಡಿಮೆಯಾಗಿ ಬಂದ ವಾಲು ಕೂರಿಸಿದರೆ ಮಾಯವಾಗುತ್ತದೆ. ಇನ್ನು ಶಾಲಾಚೀಲದ ಭಾರ: ಅದು ಬೆನ್ನು ನೋಯಿಸೀತು, ಆದರೆ ಈ ತಿರುಚನ್ನು ಹುಟ್ಟಿಸುತ್ತದೆ ಎನ್ನಲು ಪುರಾವೆಯಿಲ್ಲ.

ಕುತ್ತಿಗೆ ಬಗ್ಗಿಸಿದಾಗ ಬುಡದಲ್ಲಿ ಉಬ್ಬುವುದು ಸಾಮಾನ್ಯವಾಗಿ ಕುತ್ತಿಗೆಯ 7ನೇ ಮಣಿ. ಅಲ್ಲಿಂದ ಎಣಿಸುತ್ತಾ, ಹೆಬ್ಬೆರಳಿನಿಂದ ಒಂದೊಂದನ್ನೇ ಒತ್ತುತ್ತಾ ಇಳಿಯುತ್ತಾರೆ. ನಡುವೆ ಮೆಟ್ಟಿಲಿನಂಥ ತಗ್ಗು ಸಿಕ್ಕರೆ ಒಂದು ಮಣಿ ಇನ್ನೊಂದರ ಮೇಲೆ ಜಾರಿರಬಹುದು. ಮುಷ್ಟಿಯ ಅಂಚಿನಿಂದ ಮೆಲ್ಲಗೆ ತಟ್ಟಿದಾಗ ಒಂದೇ ಮಣಿಯಲ್ಲಿ ಚುರ್ರೆಂದು ನೋವೆದ್ದರೆ ಮುರಿತವೋ ಸೋಂಕೋ ಎಂದು ಅನುಮಾನಿಸಬೇಕು. ಕೊನೆಯ ಪಕ್ಕೆಲುಬಿನ ಕೆಳಗಿನ ಮೂಲೆ ನೊಂದರೆ ತಂಟೆ ಮೂತ್ರಪಿಂಡದ್ದಿರಬಹುದು.

ಬಿದ್ದು ಪೆಟ್ಟಾದವರನ್ನು ಮಾತ್ರ ಬಾಗಿಸಬಾರದು, ಕೂರಿಸಲೂಬಾರದು. ಒಬ್ಬರು ತಲೆ ಹಿಡಿದು ಎಣಿಕೆ ಹೇಳಬೇಕು, ಮೂವರು ಮೈಯನ್ನು ಮರದ ದಿಮ್ಮಿಯಂತೆ ಒಟ್ಟಿಗೆ ಹೊರಳಿಸಬೇಕು. ಬೆನ್ನು ಮುಟ್ಟಿ ನೋಡುವವರು ಐದನೆಯವರು.

ಎಲ್ಲ ಬೆನ್ನುನೋವಿಗೂ ಕೇಳಲೇಬೇಕಾದ, ಸಂಕೋಚದಿಂದ ಬಿಟ್ಟುಹೋಗುವ ಪ್ರಶ್ನೆಯೊಂದಿದೆ: ತೊಡೆಗಳ ಸಂದು ಮರಗಟ್ಟಿದೆಯೇ, ಮೂತ್ರ ಕಟ್ಟಿದೆಯೇ? ಹೌದೆಂದರೆ ಬೆನ್ನುಹುರಿಯ ತುದಿಯ ನರಗಳ ಗೊಂಚಲು ಅದುಮಿ ಹೋಗಿರಬಹುದು. ಆಗ ಮಧ್ಯರಾತ್ರಿಯಾದರೂ ಶಸ್ತ್ರವೈದ್ಯರನ್ನು ಎಬ್ಬಿಸಬೇಕು.