ಹುಟ್ಟದ ಕರುಗಳು ಹೇಳಿದ ಗುಟ್ಟು

"ಮೂರ್ ಸಲ ಇಂಜೆಕ್ಷನ್ ಹಾಕ್ಸಿದ್ರೂವೆ ಗಬ್ಬ ನಿಲ್ನಿಲ್ಲ ಕಣಪ್ಪ, ಇದ್ರ ಹಣೇಬರ" ಎಂದು ಪಾಂಡವಪುರದ ಕಡೆಯ ನಮ್ಮ ದೊಡ್ಡವ್ವ ತನ್ನ ಸೀಮೆಹಸುವನ್ನೇ ದೂರಿದಳು. ಇಂಜೆಕ್ಷನ್ ಅಂದರೆ ಇಲ್ಲಿ ಹಸುವಿಗೆ ಹೋರಿಯ ವೀರ್ಯ ಕೊಡಿಸುವುದು. ಬೆದೆ ಗುರುತಿಸಿದ್ದು ತಡವಾಯಿತೆ, ಮೇವಿನಲ್ಲಿ ಖನಿಜ ಸಾಲದೆ, ಗರ್ಭಕೋಶಕ್ಕೆ ಸೋಂಕೆ ಎಂದು ಮೊದಲು ನೋಡಬೇಕು. ಬಹಳ ಸಲ ಕಾರಣ ಅಲ್ಲೇ ಸಿಗುತ್ತದೆ. ಆದರೆ ಕೆಲವೊಮ್ಮೆ ಗಬ್ಬ ನಿಂತಿರುತ್ತದೆ, ಭ್ರೂಣ ಒಳಗೇ ಸತ್ತಿರುತ್ತದೆ. ತಪ್ಪು ಹಸುವನ್ನು ಸಾಕಿದವರದಲ್ಲ, ವಂಶವಾಹಿಯದು.

ಅದನ್ನು ಪತ್ತೆ ಹಚ್ಚಿದ ಬಗೆ ನನಗೆ ಇವತ್ತಿಗೂ ಬೆರಗು. 2011ರಲ್ಲಿ ಅಮೆರಿಕದ ವಿಜ್ಞಾನಿಗಳು ಸಾವಿರಾರು ಹೋಲ್‌ಸ್ಟೀನ್ ದನಗಳ ಡಿಎನ್‌ಎ ಜಾಲಾಡಿದರು. ವಂಶವಾಹಿಗಳು ಜೋಡಿಯಾಗಿರುತ್ತವೆ, ತಾಯಿಯದೊಂದು, ತಂದೆಯದೊಂದು. ಡಿಎನ್‌ಎಯ ಒಂದು ತುಣುಕು ಎಷ್ಟೋ ದನಗಳಲ್ಲಿ ಒಂಟಿಯಾಗಿತ್ತು. ಲೆಕ್ಕದಂತೆ ಕೆಲವಕ್ಕಾದರೂ ಅದು ಎರಡೂ ಕಡೆಯಿಂದ ಬಂದಿರಬೇಕಿತ್ತು. ಅಂಥದ್ದು ಒಂದೂ ಸಿಗಲಿಲ್ಲ. ಅಂದರೆ ಆ ಕರುಗಳು ಹುಟ್ಟಿಯೇ ಇಲ್ಲ! ಸತ್ತ ಭ್ರೂಣವೊಂದನ್ನೂ ನೋಡದೆ, ಬದುಕಿರುವವುಗಳ ನಡುವೆ ಯಾವುದು ಕಾಣೆಯಾಗಿದೆ ಎಂದು ಹುಡುಕಿಯೇ ಅವರು ದೋಷವನ್ನು ಹಿಡಿದರು.

ಜಾಡು ಹೋಗಿ ನಿಂತದ್ದು 1962ರಲ್ಲಿ ಹುಟ್ಟಿದ 'ಚೀಫ್' ಎಂಬ ಹೋರಿಯ ಬಳಿ. ಅದರ ಹೆಣ್ಣುಕರುಗಳು ಬೆಳೆದು ಹೆಚ್ಚು ಹಾಲು ಕರೆದದ್ದರಿಂದ ಅದರ ವೀರ್ಯಕ್ಕೆ ಎಲ್ಲಿಲ್ಲದ ಬೇಡಿಕೆ. ಹೆಣ್ಣುಕರುಗಳೇ 16,000, ಹೆಣ್ಣು ಮೊಮ್ಮಕ್ಕಳು ಸುಮಾರು 5 ಲಕ್ಷ. ಜೊತೆಗೇ ಎಪಿಎಎಫ್1 ಎಂಬ ವಂಶವಾಹಿಯ ಒಂದಕ್ಷರದ ತಪ್ಪೂ ಹರಡಿತು. ಭ್ರೂಣ ಬೆಳೆಯುವಾಗ ಬೇಡದ ಜೀವಕೋಶಗಳನ್ನು ತೆಗೆದುಹಾಕಲು ಬೇಕಾದ ಪ್ರೋಟೀನು ಈ ತಪ್ಪಿನಿಂದ ನಡುವೆಯೇ ತುಂಡಾಗುತ್ತದೆ. 35 ವರ್ಷಗಳಲ್ಲಿ ಜಗತ್ತಿನಾದ್ಯಂತ 5 ಲಕ್ಷಕ್ಕೂ ಹೆಚ್ಚು ಗರ್ಭ ಇದರಿಂದ ಹೋಗಿದೆ ಎಂದು 2016ರಲ್ಲಿ ಪ್ರಕಟವಾದ ಅಂದಾಜು. ಹಾಲಿನ ಲಾಭ ಇದಕ್ಕಿಂತ ಎಷ್ಟೋ ದೊಡ್ಡದು, ನಿಜ. ಆದರೆ ಒಂದೇ ಹಸುವಿರುವ ಮನೆಗೆ ಆ ಸಮಾಧಾನ ಸಾಲದು.

ಹೋಲ್‌ಸ್ಟೀನ್ ರಕ್ತವಿಲ್ಲದ ನಮ್ಮ ನಾಟಿ ಹಳ್ಳಿಕಾರ್ ಹಸುವಿಗೆ ಇಂಥ ದೋಷವಿರುವ ಹೋರಿಯ ವೀರ್ಯ ಕೊಡಿಸಿದರೂ ಕರುವಿಗೆ ಕೇಡಿಲ್ಲ, ತಪ್ಪು ಬಂದರೂ ಒಂಟಿಯಾಗಿಯೇ ಬರುತ್ತದೆ. ಆ ತಪ್ಪು ಹೊತ್ತ ಕಡಸಿಗೆ ಮತ್ತೆ ಅದೇ ತಪ್ಪಿರುವ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಹೋರಿಯ ಸ್ಟ್ರಾ, ಅಂದರೆ ವೀರ್ಯ ತುಂಬಿದ ಕೊಳವೆ, ಬಿದ್ದರೆ, ಸರಾಸರಿ ನಾಲ್ಕರಲ್ಲಿ ಒಂದು ಗರ್ಭ ಉಳಿಯದು. ತಲೆಮಾರಿನಿಂದ ತಲೆಮಾರಿಗೆ ಎಚ್‌ಎಫ್ ರಕ್ತ ಏರುತ್ತಿರುವ ಮಂಡ್ಯದ ಕೊಟ್ಟಿಗೆಗಳಲ್ಲಿ ಇದನ್ನು ಮರೆಯಬಾರದು. ಹಾಗೆಂದು ಒಳ್ಳೆಯ ಹೋರಿಯನ್ನು ಕೈಬಿಡಬೇಕಿಲ್ಲ. ಡಿಎನ್‌ಎ ಪರೀಕ್ಷೆ ಮಾಡಿಸಿ, ಎರಡೂ ಕಡೆ ತಪ್ಪಿರುವ ಜೋಡಿಯನ್ನು ತಪ್ಪಿಸಿದರಾಯಿತು.

ಮೂರು ಸಲವೂ ಯಾವ ಹೋರಿಯದು ಹಾಕಿಸಿದ್ದೆಂದು ಕೇಳಿದರೆ ದೊಡ್ಡವ್ವನಿಗೆ ಗೊತ್ತಿರಲಿಲ್ಲ. ಸ್ಟ್ರಾ ಮೇಲೆ ಹೋರಿಯ ನಂಬರು ಅಚ್ಚಾಗಿರುತ್ತದೆ ಎಂದೆ. ಈಗ ಅದನ್ನು ಓದಿಸಿ, ಡೈರಿ ಪುಸ್ತಕದ ಹಿಂದಿನ ರಟ್ಟಿನ ಮೇಲೆ ತಾರೀಖಿನ ಸಮೇತ ಬರೆಸಿಡುತ್ತಾಳೆ.